ತಾನೇ ಹೋಗಿ ಬರೆಸಬೇಕಾದ ಹೆಸರು

ಕೋಲ್ಮನ್ ಲವೆಲ್ ಹದಿನಾಲ್ಕು ವರ್ಷಗಳ ಮೇಲೆ ಐರ್ಲೆಂಡಿಗೆ ಮರಳಿದಾಗ ಅವನನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋದವಳು ತಂಗಿ ಬ್ರೀಜ್ ಒಬ್ಬಳೇ. ಗಾಜಿನ ಬಾಗಿಲಿನಿಂದ ಹೊರಬಂದ ಮನುಷ್ಯನನ್ನು ಅವಳು ಮೊದಲಿಗೆ ಗುರುತಿಸಲಿಲ್ಲ. ತಲೆಯೆಲ್ಲ ನೆರೆತು, ಮೈ ಅರ್ಧಕ್ಕರ್ಧ ಇಳಿದು, ಯಾರೋ ದಾನ ಕೊಟ್ಟ ದೊಡ್ಡ ಕೋಟಿನೊಳಗೆ ಅವನು ಅಲ್ಲಾಡುತ್ತಿದ್ದ. ನಗು ಮಾತ್ರ ಹಳೆಯದೇ ಇತ್ತು. ಒಂದು ಕಾಲಕ್ಕೆ ರಾಸ್‌ಕೀಲ್ ಊರಿಗೆ ಊರೇ ಆ ನಗುವಿಗೆ ಸೋತಿತ್ತು.

"ದಪ್ಪ ಆಗಿದೀಯಲ್ಲೇ," ಅಂದ.

ಬ್ರೀಜ್ ಅವನ ಚೀಲ ತೆಗೆದುಕೊಂಡಳು. ಹದಿನಾಲ್ಕು ವರ್ಷಕ್ಕೆ ಅದೊಂದೇ ಚೀಲ.

ಅವನು ಅರ್ಜೆಂಟೀನಾಕ್ಕೆ ಹೋದದ್ದು ಇಂಗ್ಲಿಷ್ ಮತ್ತು ಸಂಗೀತ ಕಲಿಸುವ ಮೇಷ್ಟ್ರಾಗಿ. ಮೊದಲ ವರ್ಷಗಳಲ್ಲಿ ಕ್ರಿಸ್ಮಸ್ಸಿಗೊಂದು ಕಾರ್ಡು, ಅವ್ವನ ಹುಟ್ಟಿದ ಹಬ್ಬಕ್ಕೊಂದು ಫೋನು ಬರುತ್ತಿದ್ದವು. ಆಮೇಲೆ ಒಂದು ಮಧ್ಯಾಹ್ನ ಬ್ರೀಜ್ ತನ್ನ ಸಲೂನಿನಲ್ಲಿ ಗಿರಾಕಿಯೊಬ್ಬಳ ಕೂದಲಿಗೆ ಬಣ್ಣ ಹಚ್ಚುತ್ತಿದ್ದಾಗ ರಾಯಭಾರ ಕಚೇರಿಯಿಂದ ಕರೆ ಬಂತು. ಮಾತಾಡಿದವನು ಮೆತ್ತಗಿನ ದನಿಯವನು, ಬಹಳ ಮರ್ಯಾದಸ್ಥ. ನಿಮ್ಮ ಅಣ್ಣನಿಗೆ ಅಲ್ಲಿಯ ಕೋರ್ಟು ಆರು ವರ್ಷ ಶಿಕ್ಷೆ ಕೊಟ್ಟಿದೆ, ಮನೆಯವರಿಗೆ ತಿಳಿಸಲು ಅವರು ಕೊಟ್ಟಿದ್ದು ನಿಮ್ಮ ನಂಬರು, ಎಂದ. ಯಾವ ತಪ್ಪಿಗೆ ಎಂದು ಬ್ರೀಜ್ ಕೇಳಿದಳು. ಅವನು, ಅವರ ಹತ್ತಿರ ಪಾಠಕ್ಕೆ ಬರುತ್ತಿದ್ದ ಹುಡುಗಿ, ಹನ್ನೆರಡು ವರ್ಷದವಳು, ಎಂದಷ್ಟೇ ಹೇಳಿದ. ಮಿಕ್ಕಿದ್ದನ್ನು ಕೇಳುವ ಧೈರ್ಯ ಅವಳಿಗಾಗಲಿಲ್ಲ. ಬಣ್ಣದ ಗಿರಾಕಿಯನ್ನು ಹಾಗೇ ಕೂರಿಸಿ ಹಿಂದಿನ ಕೋಣೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು.

ಅದೇ ಸಂಜೆ ಅವ್ವನಿಗೆ ಹೇಳಿದಳು. ಡೀಲಿಯಾ ಲವೆಲ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಚಾಕು ಆಡತೊಡಗಿತು. ಅದರ ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮುಂದೆ ನಿಂತು ಡೀಲಿಯಾ ನಾಲ್ಕು ಜನರಿಗೆ ಕೇಳುವಂತೆ, ಕೋಲ್ಮನ್‌ಗೆ ಶ್ವಾಸಕೋಶ ಕೆಟ್ಟಿದೆ, ಬೆಟ್ಟದ ಮೇಲಿನ ಆಸ್ಪತ್ರೆಗೆ ಸೇರಿಸಿದ್ದಾರೆ, ಎಷ್ಟು ವರ್ಷ ಹಿಡಿಯುತ್ತೋ ದೇವರಿಗೇ ಗೊತ್ತು, ಎಂದಳು. ದಿನಾ ಬೆಳಿಗ್ಗೆ ಜಪಮಾಲೆ ಹಿಡಿಯುವ ಹೆಂಗಸು ಇಷ್ಟು ಸಲೀಸಾಗಿ ಸುಳ್ಳು ಹೆಣೆದದ್ದನ್ನು ಪಕ್ಕದಲ್ಲೇ ನಿಂತು ನೋಡಿದ ಬ್ರೀಜ್ ಬಾಯಿ ಬಿಡಲಿಲ್ಲ. ಊರವರು ಕೋಲ್ಮನ್‌ಗಾಗಿ ಮೇಣದ ಬತ್ತಿ ಹಚ್ಚಿದರು.

ಬಿಡುಗಡೆಗೆ ಮುಂಚೆ ಅದೇ ಮೆತ್ತಗಿನ ದನಿ ಮತ್ತೊಮ್ಮೆ ಫೋನು ಮಾಡಿತು. ಶಿಕ್ಷೆ ಮುಗಿದ ಕೂಡಲೇ ಅವರನ್ನು ಆ ದೇಶ ಹೊರಗಟ್ಟುತ್ತದೆ, ಒಂದು ಪ್ರಯಾಣಕ್ಕೆ ಮಾತ್ರ ಆಗುವಂಥ ಚೀಟಿ ಕೊಟ್ಟು ಕಳಿಸುತ್ತಿದ್ದೇವೆ, ಎಂದ. ಇನ್ನೊಂದು ಮಾತು ಹೇಳಿದ. ಹೊರದೇಶದಲ್ಲಿ ಇಂಥ ತಪ್ಪಿಗೆ ಶಿಕ್ಷೆಯಾಗಿದ್ದರೂ ನಮ್ಮ ಕಾನೂನಿಗೆ ಅದು ಇಲ್ಲೇ ಆದ ಶಿಕ್ಷೆಯಂತೆ. ಊರಿಗೆ ಬಂದ ಏಳು ದಿನದೊಳಗೆ ಜಿಲ್ಲಾ ಠಾಣೆಗೆ ಹೋಗಿ ಹೆಸರು, ವಿಳಾಸ ಬರೆಸಬೇಕು. ಬದುಕಿರುವ ತನಕ ಆ ದಾಖಲೆಯಲ್ಲಿ ಹೆಸರು ಇರುತ್ತದೆ.

"ನೀವೇ ಕಾಗದ ಕಳಿಸಲ್ವಾ ಪೊಲೀಸರಿಗೆ?" ಎಂದು ಬ್ರೀಜ್ ಕೇಳಿದಳು.

"ಆ ದೇಶಕ್ಕೂ ನಮಗೂ ಅಂಥ ಏರ್ಪಾಡಿಲ್ಲ, ಅಮ್ಮಾ. ಅವರೇ ಹೋಗಿ ಹೇಳ್ಬೇಕು."

ಕಳ್ಳನೇ ಠಾಣೆಗೆ ಹೋಗಿ ನಾನು ಕಳ್ಳ, ಬರೆದುಕೊಳ್ಳಿ ಅನ್ನಬೇಕು. ಫೋನು ಇಟ್ಟ ಮೇಲೆ ಬ್ರೀಜ್‌ಗೆ ಅನ್ನಿಸಿದ್ದು ಇಷ್ಟೇ. ಹಾಗಾಗಿ ಕಾರು ಹೆದ್ದಾರಿಗೆ ಬಿದ್ದ ಮೇಲೆ ಅವಳು ಎತ್ತಿದ ಮೊದಲ ಮಾತೂ ಅದೇ ಆಯಿತು.

"ಏಳು ದಿನದೊಳಗೆ ಠಾಣೆಗೆ ಹೋಗ್ಬೇಕಂತೆ. ಗೊತ್ತಲ್ಲ?"

"ಗೊತ್ತು. ಊರು ಕಣ್ಣಿಗೆ ಬೀಳೋಕ್ ಮುಂಚೇನೇ ಶುರು ಮಾಡಿದ್ಯಲ್ಲ."

"ನಾನೇ ಕರ್ಕೊಂಡು ಹೋಗ್ತೀನಿ."

"ಕೋಳ ತಂದಿದೀಯಾ, ಇಲ್ಲ ಹಗ್ಗ ಸಾಕಾ?" ಎಂದು ಅವನು ನಕ್ಕ. ಬ್ರೀಜ್ ನಗದಿದ್ದುದನ್ನು ನೋಡಿ, ಅವಳ ತೋಳಿನ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ, ಅನುಭವಿಸೋದನ್ನೆಲ್ಲ ಅಲ್ಲೇ ಅನುಭವಿಸಿ ಬಂದಿದ್ದೇನೆ, ಇಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ಮಾಡಿಕೊಂಡು ಅವ್ವನ ಮನೆಯ ಮೂಲೆಯಲ್ಲಿ ಬಿದ್ದಿರುತ್ತೇನೆ, ಎಂದ. ಅವಳಿಗೆ ಅಯ್ಯೋ ಅನ್ನಿಸಿತು. ಎಷ್ಟಾದರೂ ಸೈಕಲ್ ಕಲಿಸಿದ ಅಣ್ಣ.

ಸೋಮವಾರ ಸಲೂನಿಗೆ ಬಾಗಿಲು ಹಾಕಿ ಅವನನ್ನು ಜಿಲ್ಲಾ ಠಾಣೆಗೆ ಕರೆದೊಯ್ದಳು. ಒಳಗೆ ಬರಲಾ ಎಂದದ್ದಕ್ಕೆ ಬೇಡ ಎಂದ. ನನ್ನ ಬಾಯಿಂದ ಅದನ್ನು ಹೇಳುವಾಗ ನೀನು ಪಕ್ಕದಲ್ಲಿರಬೇಡ, ಅಷ್ಟು ಮಾತ್ರ ಕರುಣೆ ತೋರಿಸು, ಎಂದ. ಅವಳು ಕಾರಿನಲ್ಲೇ ಕುಳಿತಳು. ಅವನು ಹೊರಬಂದಾಗ ಬೆನ್ನು ನೆಟ್ಟಗಿತ್ತು. ಕಾರಿನ ಬಾಗಿಲು ಹಾಕಿಕೊಂಡು, "ಆಯ್ತು. ಅಂದ್ಕೊಂಡಷ್ಟು ಕಷ್ಟ ಆಗ್ಲಿಲ್ಲ. ಸಾರ್ಜೆಂಟು ಒಳ್ಳೇ ಮನುಷ್ಯ," ಎಂದ. ದಾರಿಯಲ್ಲಿ ಕರಿದ ಮೀನು, ಆಲೂಗಡ್ಡೆ ಕಟ್ಟಿಸಿಕೊಂಡು ಕಡಲಿನೆದುರು ಕಾರು ನಿಲ್ಲಿಸಿ ಇಬ್ಬರೂ ತಿಂದರು. ವರ್ಷಗಳಿಂದ ಎದೆಯ ಮೇಲೆ ಕುಳಿತಿದ್ದ ಬಂಡೆ ಇಳಿದಂತಾಗಿ ಬ್ರೀಜ್ ಅವನ ಪಾಲಿನ ಆಲೂಗಡ್ಡೆಯನ್ನೂ ತಿಂದಳು.

ಚಳಿಗಾಲ ನೆಟ್ಟಗೆ ಕಳೆಯಿತು. ಅಟ್ಟದ ಮೇಲಿದ್ದ ಅಪ್ಪನ ಅಕಾರ್ಡಿಯನ್ನನ್ನು ಕೋಲ್ಮನ್ ಇಳಿಸಿ ತಿದಿಗೆ ತೇಪೆ ಹಾಕಿದ. ಕ್ರಿಸ್ಮಸ್ ಹೊತ್ತಿಗೆ ಪಬ್ಬಿನ ಒಲೆಯ ಪಕ್ಕದ ಕುರ್ಚಿ ಅವನದಾಗಿತ್ತು. ಪಾಪ, ಶ್ವಾಸಕೋಶ ಹಾಳಾದರೂ ಬೆರಳು ಹಾಳಾಗಿಲ್ಲ ಎಂದು ಊರವರು ಅವನ ಮುಂದೆ ಲೋಟ ಇಡುತ್ತಿದ್ದರು. ಡೀಲಿಯಾಗಂತೂ ಹತ್ತು ವರ್ಷ ಕಡಿಮೆಯಾದಂತಿತ್ತು. ಗಂಡ ಸತ್ತ ಮೇಲೆ ಮುಚ್ಚೇ ಇದ್ದ ಮುಂಗೋಣೆಯ ಪರದೆ ಒಗೆಸಿದಳು, ಹೊಸ ಕುರ್ಚಿ ತರಿಸಿದಳು. ವಿಧವೆ ಮಗಳು ವಾರಕ್ಕೆರಡು ಸಲ ತರಕಾರಿ ತಂದು ಹಾಕುತ್ತಿದ್ದುದನ್ನು ನೋಡಿಯೂ ನೋಡದ ಅವ್ವ, ಮಗ ಒಲೆಗೆ ಒಂದು ಕೊಳ್ಳಿ ಹಾಕಿದರೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅದು ಬ್ರೀಜ್‌ಗೆ ಹೊಸದೇನಲ್ಲ.

ಮಾರ್ಚಿನಲ್ಲಿ ಒಂದು ದಿನ ಗ್ರಾನ್ಯಾ ಕೂದಲು ಕತ್ತರಿಸಿಕೊಳ್ಳಲು ಬಂದಳು. ಗ್ರಾನ್ಯಾ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು, ಬ್ರೀಜ್‌ಗಿಂತ ಹದಿನೈದು ವರ್ಷ ಚಿಕ್ಕವಳಾದರೂ ಗೆಳತಿ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಹನ್ನೆರಡರ ಡರ್ವ್ಲಾ ಮತ್ತು ಒಂಬತ್ತರ ಮೀವ್. ಕನ್ನಡಿಯಲ್ಲಿ ಬ್ರೀಜ್‌ಳ ಮುಖ ನೋಡುತ್ತ ಗ್ರಾನ್ಯಾ ಹೇಳಿದಳು:

"ನಿಮ್ಮಣ್ಣ ದೇವರು ಕಳಿಸ್ದಂಗೆ ಬಂದ ನೋಡು. ಸಂಗೀತದ ಟೀಚರ್ ಊರು ಬಿಟ್ಟಾಗಿಂದ ಇವೆರಡೂ ಕೊಳಲು ಮೂಲೆಗೆ ಎಸೆದಿದ್ವು. ಈಗ ಹೊಸ ವರ್ಷದಿಂದ ಪ್ರತಿ ಶನಿವಾರ ಹೋಗ್ತಿದಾವೆ. ನೀನು ಹೇಳೇ ಇಲ್ವಲ್ಲೇ, ಅಷ್ಟು ಚೆನ್ನಾಗಿ ಕಲಿಸ್ತಾನೆ ಅಂತ."

ಕತ್ತರಿ ನಿಂತಿತು. ಶನಿವಾರ ಸಲೂನಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ದಿನ, ಬ್ರೀಜ್ ಅವ್ವನ ಮನೆಯ ಕಡೆ ತಲೆ ಹಾಕದ ದಿನ. ಅದು ಅವನಿಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಹೇಳಬೇಕಾದ ಮಾತು ಬ್ರೀಜ್‌ಳ ನಾಲಿಗೆಯ ತುದಿಗೆ ಬಂತು, ಬಂದು ಅಲ್ಲೇ ಕುಳಿತಿತು. ಪೊಲೀಸರಿಗೆ ತಿಳಿದೇ ಇದೆಯಲ್ಲ, ಅವರು ನೋಡಿಕೊಳ್ಳುತ್ತಿರಬೇಕು, ಮೊದಲು ಅವನನ್ನು ಕೇಳೋಣ ಎಂದು ತನಗೆ ತಾನೇ ಹೇಳಿಕೊಂಡು ಅವಳು ಗ್ರಾನ್ಯಾಳ ಹಿಂಗತ್ತಿನ ಕೂದಲು ಸಮ ಮಾಡಿ, ಕುತ್ತಿಗೆ ಒರೆಸಿ, ಕಳಿಸಿಕೊಟ್ಟಳು. ಆ ದಿನ ಬಾಯಿ ಬಿಡದಿದ್ದುದಕ್ಕೆ ಅವಳು ಮುಂದೆ ಯಾವ ನೆಪವನ್ನೂ ಹುಡುಕಲಿಲ್ಲ.

ಸಂಜೆ ಅವ್ವನ ಮನೆಗೆ ಹೋದಳು. ಕೋಲ್ಮನ್ ತಣ್ಣಗೆ ಚಹಾ ಕುಡಿಯುತ್ತಿದ್ದ.

"ಶಾಲೆಗೆ ಹೋಗಿ ಕಲಿಸ್ಬೇಕಾದ್ರೆ ಪೊಲೀಸರ ಒಪ್ಪಿಗೆ ಬೇಕು," ಎಂದ. "ಅವ್ವನ ಮನೇಲಿ, ಅವ್ವ ಇರುವಾಗ, ಎರಡು ಹುಡುಗೀರಿಗೆ ನಾಲ್ಕು ಹಾಡು ಹೇಳ್ಕೊಟ್ರೆ ಯಾವ ಕಾನೂನು ಅಡ್ಡ ಬರುತ್ತೆ? ಬೇಕಾದ್ರೆ ಹೋಗಿ ಕೇಳ್ಕೊಂಡು ಬಾ."

"ಅವ್ವ ಎಲ್ಲಿರ್ತಾಳೆ ಆಗ?"

"ಇಲ್ಲೇ, ಅಡುಗೆಮನೇಲಿ," ಎಂದಳು ಡೀಲಿಯಾ.

"ಮುಂಗೋಣೆ ಬಾಗಿಲು?"

"ನನ್ನ ರೇಡಿಯೋ ಸದ್ದಿಗೆ ಅವರಿಗೆ ತೊಂದರೆ ಆಗುತ್ತೆ. ಮುಚ್ಕೋತಾರೆ. ಏನೇ ನೀನು, ಪೊಲೀಸಿನೋಳ ಹಾಗೆ."

ಬ್ರೀಜ್ ಅವ್ವನ ಮುಖ ನೋಡಿದಳು. ಅಲ್ಲಿ ಅಂಜಿಕೆ ಇರಲಿಲ್ಲ, ಅನುಮಾನವಿರಲಿಲ್ಲ. ಆರು ವರ್ಷ ಊರಿಗೆ ಹೇಳಿದ ಸುಳ್ಳನ್ನು ಅವ್ವ ತಾನೇ ನಂಬಿಬಿಟ್ಟಿದ್ದಾಳೆ, ಶ್ವಾಸಕೋಶದ ಕಾಯಿಲೆಯಿಂದ ಎದ್ದು ಬಂದ ಮಗನನ್ನೇ ಅವಳು ಸಾಕುತ್ತಿರುವುದು, ಎಂದು ಆಗ ಹೊಳೆಯಿತು.

ಮರುದಿನ ಬೆಳಿಗ್ಗೆ ಅವಳು ಜಿಲ್ಲಾ ಠಾಣೆಗೆ ಹೋದಳು. ಸಾರ್ಜೆಂಟ್ ಗೆರಾಟಿ ನಿವೃತ್ತಿಗೆ ಹತ್ತಿರವಾದ, ಅಗಲ ಮುಖದ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿ, ಅಂಥ ದಾಖಲೆಯಲ್ಲಿ ಒಬ್ಬರ ಹೆಸರು ಇದೆಯೋ ಇಲ್ಲವೋ ಎಂದು ಯಾರಿಗೂ ಹೇಳುವಂತಿಲ್ಲ, ಹೆಂಡತಿ ಕೇಳಿದರೂ ಇಲ್ಲ, ತಂಗಿ ಕೇಳಿದರೂ ಇಲ್ಲ, ಎಂದ. ನಾನೇ ಕರೆತಂದಿದ್ದೆ, ನವೆಂಬರಿನಲ್ಲಿ, ಮೈಗೆ ದೊಡ್ಡದಾದ ಬೂದು ಕೋಟು ಹಾಕಿಕೊಂಡಿದ್ದ, ಎಂದು ಬ್ರೀಜ್ ಹೇಳಿದಳು. ಸಾರ್ಜೆಂಟ್ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

"ಆ ಕೋಟಿನವರು ನನಗೆ ನೆನಪಿದಾರೆ," ಎಂದ. "ಬಂದಿದ್ದು ಹೊಸ ಪಾಸ್‌ಪೋರ್ಟಿಗೆ. ಫೋಟೋ ಹಿಂದೆ ಸಹಿ ಮಾಡಿ ಮೊಹರು ಹಾಕಿದ್ದು ನಾನೇ. ಮೀನುಗಾರಿಕೆ ಬಗ್ಗೆ ಮಾತಾಡಿದ್ವಿ. ಒಳ್ಳೇ ಮನುಷ್ಯ ಅನ್ನಿಸ್ತು. ಇದನ್ನ ನಿಮಗೆ ಹೇಳೋಕೆ ಯಾವ ಅಡ್ಡಿಯೂ ಇಲ್ಲ."

ಬ್ರೀಜ್‌ಗೆ ಆಗ ತಿಳಿಯಿತು. ಅವಳೇ ಕಾರು ಓಡಿಸಿ, ಅವಳೇ ಹೊರಗೆ ಕಾದು, ಅವನಿಗೆ ಪಾಸ್‌ಪೋರ್ಟ್ ಮಾಡಿಸಿಕೊಟ್ಟಿದ್ದಳು.

ಈಗಲೇ ಬಂದು ಹಿಡಿಯಿರಿ ಎಂದಳು. ಸಾರ್ಜೆಂಟ್ ತಲೆ ಆಡಿಸಿದ. ನಿಮ್ಮ ಮಾತು ನನಗೆ ಸಾಕು, ಕೋರ್ಟಿಗೆ ಸಾಲುವುದಿಲ್ಲ, ಎಂದ. ಅಲ್ಲಿಯ ಕೋರ್ಟಿನ ತೀರ್ಪು ಮೊಹರಿನೊಂದಿಗೆ ಬರಬೇಕು. ಬಂದದ್ದನ್ನು ಸರ್ಕಾರಿ ಭಾಷಾಂತರಕಾರ ಇಂಗ್ಲಿಷಿಗೆ ತರಬೇಕು. ಅಲ್ಲಿ ತಪ್ಪು ಅನ್ನಿಸಿಕೊಂಡದ್ದು ಇಲ್ಲಿಯ ಕಾನೂನಿನ ಯಾವ ತಪ್ಪಿಗೆ ಸರಿಹೊಂದುತ್ತದೆ ಎಂದು ವಕೀಲರು ನೋಡಬೇಕು. ಅಷ್ಟಾಗುವ ತನಕ ಈ ಠಾಣೆಯ ಪಾಲಿಗೆ ಕೋಲ್ಮನ್ ಲವೆಲ್ ಯಾವ ತಪ್ಪೂ ಮಾಡದ ಪ್ರಜೆ.

"ಎಷ್ಟು ದಿನ?"

"ತಿಂಗಳುಗಳು. ವರ್ಷ ಆದ್ರೂ ಆಯ್ತು."

"ಅಲ್ಲೀವರೆಗೂ ಆ ಹುಡುಗೀರು?"

ಸಾರ್ಜೆಂಟ್ ಕಿಟಕಿಯ ಕಡೆ ನೋಡಿದ. "ಅವರ ತಾಯಿಗೆ ನಾನು ಹೇಳೋ ಹಾಗಿಲ್ಲ. ಕೈಯಲ್ಲಿ ಕಾಗದ ಇಲ್ದೆ ಹೇಳಿದ್ರೆ ನನ್ನ ನೌಕರಿ ಹೋಗುತ್ತೆ. ನೀವು ಹೇಳಿದ್ರೆ ನಿಮ್ಮಣ್ಣ ನಿಮ್ಮ ಮೇಲೆ ಮಾನನಷ್ಟದ ದಾವೆ ಹಾಕ್ಬಹುದು." ಹೇಳಿಕೆ ಬರೆಯುವ ಹಾಳೆ ತೆಗೆದು ಅವಳ ಮುಂದಿಟ್ಟ: "ನಿಮ್ಮ ಬಾಯಿಗೆ ನಾನು ಬೀಗ ಹಾಕ್ತಾ ಇಲ್ಲ."

ಅವಳು ಹೇಳಿಕೆ ಬರೆಸಿ ಸಹಿ ಹಾಕಿದಳು. ಒಡಹುಟ್ಟಿದವನ ಹೆಸರನ್ನು ಠಾಣೆಯಲ್ಲಿ ಕೊನೆಗೂ ಬರೆಸಿದವಳು ಅವಳೇ ಆದಳು.

ಅಲ್ಲಿಂದ ನೆಟ್ಟಗೆ ಗ್ರಾನ್ಯಾಳ ಮನೆಗೆ ಹೋದಳು. ಗ್ರಾನ್ಯಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬ್ರೀಜ್ ನಿಂತಲ್ಲೇ, ಒಂದೂ ಮಾತು ಬಿಡದೆ ಹೇಳಿದಳು. ಗ್ರಾನ್ಯಾಳ ಕೈಯಲ್ಲಿ ಮಕ್ಕಳ ಶಾಲೆಯ ಅಂಗಿ ಹಿಂಡಿದಂತೆ ಮುದುಡಿತು.

"ನಿನಗೆ ಯಾವಾಗಿಂದ ಗೊತ್ತು?" ಎಂದು ಕೇಳಿದಳು.

"ಅವನು ಜೈಲಿಗೆ ಹೋದಾಗಿಂದ."

"ನಿನ್ನೆ ನಿನ್ನ ಕುರ್ಚಿ ಮೇಲೆ ಕೂತು ನಾನು ಹೇಳಿದ್ನಲ್ಲ."

"ಹೇಳ್ದೆ."

"ನನ್ನ ಕೂದಲು ಕತ್ತರಿಸಿ ಮುಗಿಸ್ದೆ ನೀನು."

ಗ್ರಾನ್ಯಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಹಿತ್ತಲಿಗೆ ಕೇಳಿಸಿತು.

ಮಕ್ಕಳು ಶಾಲೆಯಿಂದ ಬಂದ ಮೇಲೆ ಗ್ರಾನ್ಯಾ ಕೇಳಿದಳು. ಚಿಕ್ಕವಳು ಮೂರು ವಾರದಿಂದ ಶನಿವಾರವೆಂದರೆ ಹೊಟ್ಟೆನೋವು ಅನ್ನುತ್ತಿದ್ದುದಕ್ಕೆ ಆಗ ಕಾರಣ ಸಿಕ್ಕಿತು. ಪಾಠದ ಕೊನೆಯ ಅರ್ಧಗಂಟೆ ಮೀವ್‌ಳನ್ನು ಅವನು ಅಡುಗೆಮನೆಗೆ, ಡೀಲಿಯಾಳ ಹತ್ತಿರ ಬಿಸ್ಕತ್ತು ತಿನ್ನಲು ಕಳಿಸುತ್ತಿದ್ದ. ಅಕ್ಕನ ಮೇಲಿನ ಸಿಟ್ಟೋ, ಅದಕ್ಕಿಂತ ಹೆಚ್ಚಿನದೇನೋ ಅರ್ಥವಾಗಿಯೋ, ಅವಳಿಗೆ ಅಲ್ಲಿಗೆ ಹೋಗುವುದೇ ಬೇಡವಾಗಿತ್ತು. ಡರ್ವ್ಲಾಳ ಚಳಿಗಾಲದ ಬೂಟಿನೊಳಗೆ ಒಂದು ಮೊಬೈಲ್ ಫೋನು ಸಿಕ್ಕಿತು. ಅವನೇ ಕೊಟ್ಟದ್ದು. ಅಮ್ಮನಿಗೆ ಹೇಳಬೇಡ, ಇದು ದೊಡ್ಡವರಾದ ನಮ್ಮಿಬ್ಬರ ಗುಟ್ಟು, ಎಂದಿದ್ದನಂತೆ.

ತರಬೇತಿ ಪಡೆದ ಪೊಲೀಸ್ ಹೆಂಗಸರಿಬ್ಬರು ಬಂದು ಹುಡುಗಿಯರ ಜೊತೆ ಮಾತಾಡಿದರು. ಅದಕ್ಕಿಂತ ಮುಂದಿನದು ಏನೂ ಆಗಿಲ್ಲ ಎಂದರು. ಇನ್ನೂ ಆಗಿರಲಿಲ್ಲ ಅನ್ನುವುದು ಸರಿಯಾದ ಮಾತು. ಫೋನು ಕೊಟ್ಟದ್ದು ಹಾಡು ಮುದ್ರಿಸಿಕೊಳ್ಳಲಿ ಎಂದು, ಅಂದ ಕೋಲ್ಮನ್. ಉಡುಗೊರೆ ಕೊಟ್ಟದ್ದಕ್ಕೆ ಕೇಸಾಗುವುದಿಲ್ಲ. ಪಾಠ ನಿಂತಿತು, ಅಷ್ಟೇ.

ಊರು ಎರಡಾಯಿತು. ಎರಡು ಭಾಗಕ್ಕೂ ಬ್ರೀಜ್ ಬೇಡವಾದಳು. ಹಳಬರಿಗೆ ಅವಳು ಮನೆಮುರುಕಿ. ಈ ದೇಶದಲ್ಲಿ ಕೊಲೆಗಾರನಿಗೆ ಒಂದು ಲೋಟ ನೀರು ಸಿಕ್ಕೀತು, ತನ್ನವರನ್ನು ಪೊಲೀಸರಿಗೆ ಹಿಡಿದುಕೊಟ್ಟವನಿಗೆ ಸಿಗದು. ಇಪ್ಪತ್ತು ವರ್ಷದಿಂದ ಪ್ರತಿ ಶುಕ್ರವಾರ ಕೂದಲು ಸುರುಳಿ ಮಾಡಿಸಿಕೊಳ್ಳಲು ಬರುತ್ತಿದ್ದ ಅವ್ವನ ಪಕ್ಕದ ಮನೆಯ ಅಟ್ರಾಕ್ಟಾ ಬರುವುದನ್ನು ಬಿಟ್ಟಳು. ಬೇಕರಿಯಲ್ಲಿ ಎದುರಾದಾಗ ಬ್ರೀಜ್ ಯಾಕೆಂದು ಕೇಳಿದಳು. ಹತ್ತು ಜನರ ಮುಂದೆಯೇ ಅಟ್ರಾಕ್ಟಾ ಉತ್ತರ ಕೊಟ್ಟಳು:

"ಒಡಹುಟ್ಟಿದೋನನ್ನ ಹಿಡಿದುಕೊಟ್ಟ ಕೈಲಿ ನನ್ನ ತಲೆ ಮುಟ್ಟಿಸ್ಕೊಳ್ಳಲಾ? ಆ ದೇಶದ ಜೈಲಲ್ಲಿ ಹುಳ ಬಿದ್ದ ಅನ್ನ ತಿಂದು ಬಂದೋನು. ಅವನ ಲೆಕ್ಕ ಅಲ್ಲೇ ಮುಗೀತು. ನಿನ್ನ ಲೆಕ್ಕ ಇನ್ನೂ ಮುಗಿದಿಲ್ವಾ?"

ಚಿಕ್ಕ ಮಕ್ಕಳ ತಾಯಂದಿರ ಸಿಟ್ಟು ಬೇರೆ ಥರದ್ದು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವಳು, ನಮ್ಮ ಮಕ್ಕಳಿಗೆ ಏನಾದರೂ ಆಗಿದ್ದರೆ ಎಂದು ಅವರು. ಹೀಗೆ ಆ ಕಡೆಯವರೂ ಈ ಕಡೆಯವರೂ ಬಿಟ್ಟು ಸಲೂನಿನ ಕುರ್ಚಿಗಳು ಖಾಲಿಯಾದವು. ಬೇಸಿಗೆ ಮುಗಿಯುವಷ್ಟರಲ್ಲಿ ಅವಳು ಅಂಗಡಿ ಮುಚ್ಚಿ ಜಿಲ್ಲಾ ಪಟ್ಟಣದ ವೃದ್ಧಾಶ್ರಮದಲ್ಲಿ ಮುದುಕಿಯರ ತಲೆ ತೊಳೆದು ಬಾಚುವ ಕೆಲಸಕ್ಕೆ ಸೇರಿದಳು. ಅಲ್ಲಿಯವರಿಗೆ ಅವಳು ಯಾರ ತಂಗಿ ಎಂಬುದು ನೆನಪಿರುತ್ತಿರಲಿಲ್ಲ.

ಡೀಲಿಯಾ ಮಗಳೊಡನೆ ಮಾತು ಬಿಟ್ಟಳು. ಬಿಡುವ ಮುಂಚೆ ಒಂದೇ ಒಂದು ಸಲ ಹೊಸ್ತಿಲಲ್ಲಿ ನಿಲ್ಲಿಸಿ ಹೇಳಿದಳು:

"ಕಡಲಾಚೆ ಆಗಿದ್ದು ಕಡಲಾಚೇನೇ ಇರ್ತಿತ್ತು. ಅದನ್ನ ಹೊತ್ತು ತಂದು ನನ್ನ ಬಾಗಿಲಿಗೆ ಸುರಿದೋಳು ನೀನು."

"ಹೊತ್ತು ತಂದಿದ್ದು ಅವನು, ಅವ್ವ."

"ಅವನನ್ನ ನಾನು ಹೆತ್ತಿದೀನಿ."

"ನನ್ನನ್ನ?"

ಡೀಲಿಯಾ, ಮಗಳು ತಂದಿದ್ದ ತರಕಾರಿ ಚೀಲವನ್ನು ಹೊಸ್ತಿಲಾಚೆ ಇಟ್ಟು ಒಳಗೆ ಹೋದಳು.

ಕಾಗದಗಳು ಬಂದದ್ದು ಮರುವರ್ಷದ ವಸಂತದಲ್ಲಿ. ಅವು ಭಾಷಾಂತರವಾಗಿ ಕೋರ್ಟಿಗೆ ಬರುವಷ್ಟರಲ್ಲಿ ಮತ್ತೊಂದು ಬೇಸಿಗೆ ಕಳೆದಿತ್ತು. ಅಷ್ಟೂ ದಿನ ಕೋಲ್ಮನ್ ಪಬ್ಬಿಗೆ ಹೋಗುವುದನ್ನು ಬಿಟ್ಟಿದ್ದ, ಆದರೆ ಊರು ಬಿಟ್ಟಿರಲಿಲ್ಲ. ಬೀದಿಯಲ್ಲಿ ತಂಗಿ ಎದುರಾದರೆ ಟೋಪಿ ಎತ್ತಿ ನಗುತ್ತಿದ್ದ. ಆ ನಗುವಿಗಿಂತ ಬೈದಿದ್ದರೆ ಚೆನ್ನಾಗಿತ್ತು.

ಕೋರ್ಟಿನಲ್ಲಿ ಬ್ರೀಜ್ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಸಾಕ್ಷಿ ಹೇಳಲು ರಾತ್ರಿಯೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಯಾರೂ ಕರೆಯಲಿಲ್ಲ. ಕಾಗದದ ಮುಂದೆ ವಾದ ನಿಲ್ಲುವುದಿಲ್ಲವೆಂದು ತಿಳಿದ ಅವನ ವಕೀಲ ತಪ್ಪು ಒಪ್ಪಿಸಿಬಿಟ್ಟ. ತಪ್ಪು ಅಂದರೆ ಹೆಸರು ಬರೆಸದೇ ಇದ್ದದ್ದು ಮಾತ್ರ. ನನ್ನ ಕಕ್ಷಿದಾರರು ಪರದೇಶದ ಜೈಲಿನಲ್ಲಿ ಆರೋಗ್ಯ ಕಳೆದುಕೊಂಡು ಬಂದವರು, ಬೇರೊಂದು ಭಾಷೆಯಲ್ಲಿ ಕೊಟ್ಟ ತೀರ್ಪು ಇಲ್ಲಿ ಯಾವ ತಪ್ಪಿಗೆ ಸಮನಾಗುತ್ತದೆ ಎಂದು ಕಾನೂನು ಓದಿದವರಿಗೇ ತಿಳಿಯಲು ಇಷ್ಟು ಕಾಲ ಹಿಡಿದಿದೆ, ಅವರಿಗೆ ಹೇಗೆ ತಿಳಿಯಬೇಕು, ಮುದಿ ತಾಯಿಯನ್ನು ನೋಡಿಕೊಳ್ಳುವವರು ಅವರೊಬ್ಬರೇ, ಎಂದ. ಕೊನೆಯ ಮಾತು ಕೇಳಿ ಬ್ರೀಜ್‌ಗೆ ನಗು ಬಂತು. ಮುಂದಿನ ಬೆಂಚಿನವರು ತಿರುಗಿ ನೋಡಿದರು.

ಆಮೇಲೆ ಸರ್ಕಾರಿ ವಕೀಲೆ ಆ ದೇಶದ ತೀರ್ಪಿನ ಭಾಷಾಂತರದಿಂದ ಕೆಲವು ಸಾಲು ಓದಿದಳು. ಹುಡುಗಿಯ ಹೆಸರಿರಲಿಲ್ಲ, ಹೆಸರಿನ ಎರಡು ಮೊದಲಕ್ಷರ ಮಾತ್ರ. ಆ ಹುಡುಗಿ ಮೊದಲು ಚಿಕ್ಕಮ್ಮನಿಗೆ ಹೇಳಿದ್ದಳು, ಆಮೇಲೆ ಪಾದ್ರಿಗೆ, ಆಮೇಲೆ ಶಾಲೆಯ ಮುಖ್ಯೋಪಾಧ್ಯಾಯಿನಿಗೆ. ಯಾರೂ ನಂಬಿರಲಿಲ್ಲ. ಮೇಷ್ಟ್ರು ಅಷ್ಟು ಒಳ್ಳೆಯವರು, ಅಷ್ಟು ಚೆನ್ನಾಗಿ ನಗುವವರು. ಕೊನೆಗೆ ಬಸ್ ಚಾಲಕನೊಬ್ಬನ ಹೆಂಡತಿ ನಂಬಿದಳು. ಬ್ರೀಜ್‌ಗೆ ಸುದ್ದಿ ತಿಳಿದು ಎಂಟು ವರ್ಷವಾಗುತ್ತ ಬಂದಿತ್ತು. ಅಷ್ಟು ವರ್ಷಗಳಲ್ಲಿ ಅವ್ವ, ಅಟ್ರಾಕ್ಟಾ, ಊರು, ಕೊನೆಗೆ ತಾನೂ ಕೂಡ ಒಂದು ಸಲವಾದರೂ ಆ ಹುಡುಗಿ ಈಗ ಹೇಗಿದ್ದಾಳೆ ಎಂದು ಕೇಳಿದ್ದುಂಟೆ? ಅವಳಿಗೀಗ ಇಪ್ಪತ್ತಾಗಿರಬೇಕು. ರಾಸ್‌ಕೀಲ್ ಎಂಬ ಊರು ಭೂಮಿಯ ಮೇಲಿದೆಯೆಂದೂ ಅವಳಿಗೆ ಗೊತ್ತಿರಲಿಕ್ಕಿಲ್ಲ.

ನ್ಯಾಯಾಧೀಶರು ನಾಲ್ಕು ತಿಂಗಳ ಶಿಕ್ಷೆ ಕೊಟ್ಟು, ಅದನ್ನೂ ತಡೆಹಿಡಿದರು. ಮುಂದೆ ಸರಿಯಾಗಿ ನಡೆದುಕೊಂಡರೆ ಜೈಲಿಲ್ಲ. ಕೋಲ್ಮನ್ ಅದೇ ದಿನ ಠಾಣೆಗೆ ಹೋಗಿ ಹೆಸರು ಬರೆಸಿದ. ಸಾರ್ಜೆಂಟ್ ಗೆರಾಟಿ ಆ ವೇಳೆಗೆ ನಿವೃತ್ತನಾಗಿದ್ದ. ಬರೆದುಕೊಂಡವನು ಹೊಸಬ. ಅವನೊಡನೆಯೂ ಕೋಲ್ಮನ್ ಮೀನುಗಾರಿಕೆಯ ಮಾತಾಡಿದನಂತೆ.

ಅಲ್ಲಿಂದ ಮುಂದೆ ಕಾನೂನಿಗೆ ಅವನ ಮೇಲೆ ಯಾವ ದೂರೂ ಇರಲಿಲ್ಲ. ಊರು ಬಿಟ್ಟು ವಾರಕ್ಕಿಂತ ಹೆಚ್ಚು ಹೋಗುವಾಗ ಹೇಳಿ ಹೋಗುತ್ತಿದ್ದ, ಬಂದ ಮೇಲೆ ಹೇಳುತ್ತಿದ್ದ. ಕೋರ್ಟಿನ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂದು ಹಳತಾಯಿತು. ಒಂದೆರಡು ವರ್ಷ ಕಳೆದ ಮೇಲೆ ಪಬ್ಬಿನ ಒಲೆಯ ಪಕ್ಕದ ಕುರ್ಚಿಗೆ ಅವನು ಮರಳಿದ. ಕೆಲವರು ಎದ್ದು ಹೋದರು. ಹೆಚ್ಚಿನವರು ಕುಳಿತೇ ಇದ್ದರು. ಚೆನ್ನಾಗಿ ನುಡಿಸುತ್ತಾನಲ್ಲ.

ಡೀಲಿಯಾ ಎಂಬತ್ತೊಂಬತ್ತಕ್ಕೆ, ಫೆಬ್ರವರಿಯಲ್ಲಿ ತೀರಿಕೊಂಡಳು. ಬ್ರೀಜ್‌ಗೆ ಸುದ್ದಿ ತಲುಪಿಸಿದ್ದು ಪಾದ್ರಿ. ಕೊನೆಯ ದಿನಗಳಲ್ಲಿ ಅವ್ವ ನನ್ನನ್ನು ಕೇಳಿದಳಾ ಎಂದು ಅವಳು ವಿಚಾರಿಸಿದಳು. ಪಾದ್ರಿ ಒಳ್ಳೆಯವರು, ಸುಳ್ಳು ಹೇಳಲು ಬಾರದವರು. ಅವರು ತೀರ ಸುಸ್ತಾಗಿದ್ದರು, ಎಂದಷ್ಟೇ ಹೇಳಿದರು.

ಅಂತ್ಯಕ್ರಿಯೆಯ ಪೂಜೆಯ ಹಿಂದಿನ ಸಂಜೆ ಶವಪೆಟ್ಟಿಗೆಯ ಪಕ್ಕದಲ್ಲಿ ಮನೆಯವರು ಸಾಲಾಗಿ ನಿಲ್ಲಬೇಕು, ಊರಿಗೆ ಊರೇ ಬಂದು ಒಬ್ಬೊಬ್ಬರ ಕೈಕುಲುಕಿ ಹೋಗಬೇಕು. ಲವೆಲ್ ಮನೆಯಲ್ಲಿ ಉಳಿದವರು ಇಬ್ಬರೇ. ಹಿರಿಯವನೆಂದು ಕೋಲ್ಮನ್ ತಲೆಯ ಕಡೆ ನಿಂತ. ಬ್ರೀಜ್ ಅವನ ಪಕ್ಕದಲ್ಲಿ ನಿಂತಳು. ಬೇರೆ ಜಾಗವಿರಲಿಲ್ಲ.

ಜನ ಬಂದರು. ಅಟ್ರಾಕ್ಟಾ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಾಯಿಯನ್ನು ಹೂವಿನ ಹಾಗೆ ನೋಡ್ಕೊಂಡೆಯಪ್ಪ, ಎಂದು ಕಣ್ಣೊರೆಸಿಕೊಂಡಳು. ಬ್ರೀಜ್‌ಳ ಮುಂದೆ ಬಂದಾಗ ಪೆಟ್ಟಿಗೆಯ ಕಡೆ ತಿರುಗಿ ಶಿಲುಬೆಯ ಗುರುತು ಹಾಕಿಕೊಂಡು ದಾಟಿದಳು. ಅವಳ ಹಿಂದಿನವರು ಅದನ್ನು ನೋಡಿದರು. ಅವರಿಗೂ ಅದೇ ಸುಲಭವೆನಿಸಿತು. ಅವನ ಕೈ ಗಟ್ಟಿಯಾಗಿ, ಅವಳದು ಬೆರಳ ತುದಿಯಲ್ಲಿ. ಕೆಲವರು ಅಷ್ಟೂ ಇಲ್ಲ. ಅವನ ಕೈ ಕುಲುಕಲು ಬಹಳ ಜನಕ್ಕೆ ಇಷ್ಟವಿತ್ತು ಎಂದಲ್ಲ, ಚಾಚಿದ ಕೈಯನ್ನು ಹೆಣದ ಮುಂದೆ ಬಿಟ್ಟುಹೋಗುವುದು ಹೇಗೆ ಎಂಬ ಸಂಕೋಚ. ಅವಳ ವಿಷಯದಲ್ಲಿ ಮಾತ್ರ ಆ ಸಂಕೋಚ ಯಾರಿಗೂ ಬರಲಿಲ್ಲ.

ಸಾಲು ಅರ್ಧ ಮುಗಿದಾಗ ಗ್ರಾನ್ಯಾ ಬಂದಳು. ಕೋಲ್ಮನ್ ಕೈ ಚಾಚಿದ. ಗ್ರಾನ್ಯಾ ಆ ಕೈಯನ್ನು ನೋಡಿದಳು, ಮುಖ ನೋಡಿದಳು, ಮುಂದಕ್ಕೆ ಹೆಜ್ಜೆ ಇಟ್ಟಳು. ಚಾಚಿದ ಕೈ ಗಾಳಿಯಲ್ಲಿ ಉಳಿಯಿತು. ಅವಳು ಬ್ರೀಜ್‌ಳ ಕೈ ಹಿಡಿದಳು. ಆ ಹಿತ್ತಲ ಬಾಗಿಲು ಮುಚ್ಚಿದ ಮೇಲೆ ಇಬ್ಬರೂ ಮಾತಾಡುತ್ತಿರುವುದು ಇದೇ ಮೊದಲು.

"ನಿನ್ನನ್ನ ಕ್ಷಮಿಸಿಲ್ಲ ನಾನು," ಎಂದಳು, ಅವಳಿಗಷ್ಟೇ ಕೇಳುವಂತೆ.

"ಕ್ಷಮಿಸ್ಬೇಡ," ಎಂದಳು ಬ್ರೀಜ್. "ಹುಡುಗೀರು ಹೇಗಿದಾರೆ?"

"ದೊಡ್ಡೋಳು ಕೊಳಲು ಮುಟ್ಟೋದಿಲ್ಲ. ಮನೇಲಿ ಯಾರಾದ್ರೂ ಹಾಡು ಹಾಕಿದ್ರೆ ಎದ್ದು ಹೋಗ್ತಾಳೆ. ಚಿಕ್ಕೋಳಿಗೆ ಮರೆತಿದೆ ಅಂದ್ಕೊಂಡಿದೀನಿ." ಗ್ರಾನ್ಯಾ ಕೈ ಬಿಡಲಿಲ್ಲ. "ನೀನೂ ಹೇಳದೇ ಇದ್ದಿದ್ರೆ ಏನಾಗ್ತಿತ್ತು ಅಂತ ಗೊತ್ತು ನನಗೆ. ಅದಕ್ಕೇ ಬಂದೆ."

ಅವಳು ಹೋದಳು. ಕೋಲ್ಮನ್ ಮುಖದ ನಗು ಸಡಿಲಿಸದೆ, ತುಟಿ ಅಲ್ಲಾಡಿಸದೆ, "ಏನಂತೆ ಅವಳದು?" ಎಂದು ಕೇಳಿದ.

ಬ್ರೀಜ್ ಸಾಲಿನಿಂದ ಹೊರಬಂದು, ಅವ್ವನ ಪೆಟ್ಟಿಗೆಯನ್ನು ಬಳಸಿಕೊಂಡು ಹೋಗಿ, ಆಚೆ ಬದಿಯಲ್ಲಿ ಒಬ್ಬಳೇ ನಿಂತಳು. ಬರುವವರಿಗೆ ಈಗ ಎರಡು ದಾರಿ. ಕೆಲವರು ಅವಳಿದ್ದ ಕಡೆಗೂ ಬಂದರು. ಹೆಚ್ಚಿನವರು ಬರಲಿಲ್ಲ. ಕೊನೆಯವರು ಹೋಗುವ ತನಕ ಅವಳು ಅಲ್ಲೇ ನಿಂತಿದ್ದಳು.